ಸೂಜಿ ಚುಚ್ಚಿದ್ದನ್ನೂ ಬರೆದೆ

ನಮ್ಮ ಡಯಾಲಿಸಿಸ್ ವಿಭಾಗದ ನರ್ಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಾಸರಗೋಡು ಜಿಲ್ಲೆಯವರು. ಮಂಜೇಶ್ವರ, ಉಪ್ಪಳ, ಪೈವಳಿಕೆ, ಕುಂಬಳೆ, ಬದಿಯಡ್ಕ ಎಂದು ಬೇರೆ ಬೇರೆ ಕಡೆಯಿಂದ ಬಸ್ಸೋ ರೈಲೋ ಹಿಡಿದು ಮಂಗಳೂರಿಗೆ ಬರುತ್ತೇವೆ. ಮನೆ ಕೇರಳದಲ್ಲಿ, ದುಡಿಮೆ ಕರ್ನಾಟಕದಲ್ಲಿ. ಸಂಬಳ ದೊಡ್ಡದೇನಲ್ಲ. ಆದರೂ ಎಷ್ಟೋ ಮನೆಗಳಲ್ಲಿ ತಿಂಗಳು ತಿಂಗಳು ತಪ್ಪದೆ ಬರುವ ಹಣ ಅದೊಂದೇ. ಗಂಡನದ್ದು ಗೂಡ್ಸ್ ಟೆಂಪೋ ಓಡಿಸುವ ಕೆಲಸವೋ, ಅಡಿಕೆ ತೋಟದ ಕೂಲಿಯೋ, ಗಲ್ಫಿನಿಂದ ವಾಪಸ್ ಬಂದು ಹಾಕಿದ ಸಣ್ಣ ಅಂಗಡಿಯೋ ಆಗಿರುತ್ತದೆ. ಸರ್ವಿಸ್ ಸಹಕಾರಿ ಬ್ಯಾಂಕಿನ ಮನೆ ಸಾಲ, ನರ್ಸಿಂಗ್ ಕಲಿಯಲು ತೆಗೆದ ಸಾಲದ ಬಾಕಿ, ಮಕ್ಕಳ ಫೀಸು, ಅತ್ತೆಯ ಇನ್ಸುಲಿನ್, ಎಲ್ಲ ನಡೆಯುವುದು ಈ ಸಂಬಳದಲ್ಲಿ.

ಇಷ್ಟಿದ್ದೂ ಜೀವ ವಿಮೆಯ ಮಾತು ಬಂದರೆ ನಮ್ಮಲ್ಲಿ ಹೆಚ್ಚಿನವರು ಹೇಳುವುದು, "ಆಸ್ಪತ್ರೆಯವರು ಮಾಡಿಸಿದ್ದಾರಲ್ಲ" ಎಂದು. ಏನು ಮಾಡಿಸಿದ್ದಾರೆ ಎಂದು ಕೇಳಿದರೆ ಇಎಸ್‌ಐ ಕಾರ್ಡನ್ನು ತೋರಿಸುತ್ತಾರೆ. ಇಎಸ್‌ಐ ಸಿಗುವುದು ತಿಂಗಳ ಸಂಬಳ 21,000 ರೂಪಾಯಿ ದಾಟದವರಿಗೆ. ಅದು ಮುಖ್ಯವಾಗಿ ಚಿಕಿತ್ಸೆಗೆ ಇರುವ ವ್ಯವಸ್ಥೆ. ಸತ್ತವರ ಅವಲಂಬಿತರಿಗೆ ಅದರಿಂದ ಮಾಸಿಕ ಹಣ ಬರಬೇಕಾದರೆ ಸಾವು ಕೆಲಸದ ಅಪಘಾತದಿಂದಲೋ ಕೆಲಸದಿಂದ ಬಂದ ಕಾಯಿಲೆಯಿಂದಲೋ ಆಗಿರಬೇಕು. ರಜೆಯ ದಿನ ಸ್ಕೂಟರಿನಿಂದ ಬಿದ್ದರೆ, ಸ್ತನದ ಕ್ಯಾನ್ಸರಿನಿಂದ ಹೋದರೆ, ನಿದ್ದೆಯಲ್ಲಿ ಎದೆ ನಿಂತರೆ ಆ ಬಾಬ್ತಿನಲ್ಲಿ ಅಂತ್ಯಕ್ರಿಯೆಯ ಖರ್ಚು ಬಿಟ್ಟು ಬೇರೇನೂ ಇಲ್ಲ.

ನರ್ಸಿನ ಸಾವು ಎಂದರೆ ಜನಕ್ಕೆ ಮೊದಲು ನೆನಪಾಗುವುದು ಪೇರಾಂಬ್ರದ ಲಿನಿ ಸಿಸ್ಟರ್. ನಿಪಾ ರೋಗಿಯ ಆರೈಕೆ ಮಾಡಿ, ಅದೇ ರೋಗ ತಗಲಿ 2018ರ ಮೇ 21ರಂದು ಅವರು ತೀರಿಕೊಂಡರು. ಕೇರಳ ಸರಕಾರ ಅವರ ಇಬ್ಬರು ಮಕ್ಕಳಿಗೆ ತಲಾ 10 ಲಕ್ಷ ರೂಪಾಯಿ ಮತ್ತು ಗಂಡನಿಗೆ ಕೆಲಸ ಕೊಟ್ಟಿತು. ಕೊಡಬೇಕಾದದ್ದೇ. ಕೊರೋನಾ ಬಂದಾಗ ಕೇಂದ್ರ ಸರಕಾರ 2020ರ ಮಾರ್ಚ್ 30ರಿಂದ ಕೋವಿಡ್ ಕರ್ತವ್ಯದಲ್ಲಿದ್ದ ಆರೋಗ್ಯ ಕಾರ್ಯಕರ್ತರಿಗೆ 50 ಲಕ್ಷದ ವಿಮೆ ತಂದಿತು. ಆಶಾ ಕಾರ್ಯಕರ್ತೆಯರು, ಕೋವಿಡ್ ಕೆಲಸಕ್ಕೆ ತೆಗೆದುಕೊಂಡ ಖಾಸಗಿ ಆಸ್ಪತ್ರೆಯ ಸಿಬ್ಬಂದಿ ಕೂಡ ಅದರಲ್ಲಿದ್ದರು. ಎರಡು ರಾಜ್ಯಗಳ ಗಡಿಯಾದ ತಲಪಾಡಿಯಲ್ಲಿ ದಾರಿ ಮುಚ್ಚಿ, ಒಳದಾರಿಗಳಿಗೆಲ್ಲ ಮಣ್ಣು ಸುರಿದಿದ್ದ ದಿನಗಳವು. ನಾವು ಮನೆಗೆ ಹೋಗಲಾಗದೆ ಹಾಸ್ಟೆಲಿನಲ್ಲೇ ಉಳಿದಿದ್ದೆವು. ಆಗ ಆ 50 ಲಕ್ಷದ ಸುದ್ದಿ ಕೇಳಿ ಮನಸ್ಸಿಗೆ ಒಂದಿಷ್ಟು ಧೈರ್ಯ ಬಂದದ್ದು ನಿಜ. ಆದರೆ ಅದು ಒಂದು ಕಾಯಿಲೆಗೆ, ಒಂದು ಕಾಲಕ್ಕೆ ಕಟ್ಟಿದ ರಕ್ಷಣೆ. ಊರೆಲ್ಲ ಮರುಗುವಂಥ ಸಾವು ನಮ್ಮಲ್ಲಿ ಹೆಚ್ಚಿನವರಿಗೆ ಬರುವುದಿಲ್ಲ. ಎಲ್ಲರಿಗೂ ಬರುವಂಥ ಮಾಮೂಲಿ ಸಾವೇ ನಮಗೂ ಬರುವುದು. ಅದಕ್ಕೆ ಯಾವ ಸರಕಾರವೂ ವಿಶೇಷ ಆದೇಶ ಹೊರಡಿಸುವುದಿಲ್ಲ. ಮನೆಯ ಸಾಲದ ಕಂತು ಮಾತ್ರ ಮುಂದಿನ ತಿಂಗಳೂ ಬರುತ್ತದೆ.

ಇದು ನನಗೆ ಮನದಟ್ಟಾದದ್ದು ನಮ್ಮ ವಿಭಾಗದ ಒಬ್ಬಳು ತೀರಿಕೊಂಡಾಗ. ಪಿತ್ತಕೋಶದ ಕ್ಯಾನ್ಸರ್. ಗೊತ್ತಾಗುವಾಗಲೇ ತಡವಾಗಿತ್ತು. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ಕ್ರಿಯೆಯೆಲ್ಲ ಮುಗಿದ ಮೇಲೆ ಅವಳ ಗಂಡ ಆಸ್ಪತ್ರೆಯ ಆಫೀಸಿಗೆ ಬಂದು ಕೊನೆಯ ಸಂಬಳದ ಲೆಕ್ಕ ಕೇಳಿ ಹೊರಟಿದ್ದರು. "ಪಿಎಫ್ ಕೇಳಿದ್ರಾ ಭಾವ?" ಎಂದೆ. "ಅದು ಸ್ವಲ್ಪ ಇರಬಹುದು, ನಿಧಾನಕ್ಕೆ ನೋಡುವ" ಎಂದರು. ಪಿಎಫ್ ಜೊತೆಗೇ ಒಂದು ಜೀವ ವಿಮೆ ಇರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಆಫೀಸಿನಲ್ಲೂ ಯಾರೂ ಹೇಳಲಿಲ್ಲ.

ಇದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಖಾಸಗಿ ಆಸ್ಪತ್ರೆಯ ಸಾವಿರಾರು ಮಂದಿಗೆ ಇದು ಇದೆ, ಇರುವುದು ಗೊತ್ತಿಲ್ಲ. 1976ರಿಂದ ಇರುವ ಈ ಯೋಜನೆಯನ್ನು ಇಡಿಎಲ್‌ಐ ಎನ್ನುತ್ತಾರೆ. ಇದಕ್ಕೆ ನಮ್ಮ ಸಂಬಳದಿಂದ ಒಂದು ಪೈಸೆ ಹಿಡಿಯುವುದಿಲ್ಲ. ಮಾಲೀಕರೇ ಪಿಎಫ್ ಸಂಬಳದ (ಮೂಲವೇತನ ಮತ್ತು ತುಟ್ಟಿಭತ್ಯೆ) ಶೇ. 0.5ರಷ್ಟು ಕಟ್ಟುತ್ತಾರೆ. ಕೆಲಸದಲ್ಲಿರುವಾಗ ಸದಸ್ಯರು ತೀರಿಕೊಂಡರೆ, ಯಾವ ಕಾರಣಕ್ಕೇ ಆಗಲಿ, ಕುಟುಂಬಕ್ಕೆ ಹಣ ಬರುತ್ತದೆ. ಕೊನೆಯ 12 ತಿಂಗಳ ಸರಾಸರಿ ಪಿಎಫ್ ಸಂಬಳವನ್ನು 35ರಿಂದ ಗುಣಿಸುತ್ತಾರೆ. ಆ ಸಂಬಳಕ್ಕೆ 15,000ದ ಮಿತಿ ಇದೆ. ಅದಕ್ಕೆ ಪಿಎಫ್ ಖಾತೆಯ ಸರಾಸರಿ ಮೊತ್ತದ ಅರ್ಧವನ್ನು, 1.75 ಲಕ್ಷ ಮೀರದಂತೆ, ಸೇರಿಸುತ್ತಾರೆ. ಹಾಗಾಗಿ ಹೆಚ್ಚೆಂದರೆ 7 ಲಕ್ಷ. ವರ್ಷವಿಡೀ ಬಿಡದೆ ಕೆಲಸದಲ್ಲಿದ್ದವರಿಗೆ ಕಡಿಮೆಯೆಂದರೂ 2.5 ಲಕ್ಷ. ಇದಲ್ಲದೆ ಗಂಡನಿಗೋ ಹೆಂಡತಿಗೋ ಪಿಂಚಣಿ, 25 ವರ್ಷದ ತನಕ ಇಬ್ಬರು ಮಕ್ಕಳಿಗೂ ಪಿಂಚಣಿ. ಪಿಎಫ್, ಪಿಂಚಣಿ, ವಿಮೆ ಮೂರಕ್ಕೂ ಸೇರಿ ಮರಣದ ಸಂದರ್ಭಕ್ಕೆಂದೇ ಒಂದು ಅರ್ಜಿ ಇದೆ.

ಆ ಅರ್ಜಿ ಹಿಡಿದು ಅವಳ ಗಂಡನ ಜೊತೆ ನಾನೂ ಓಡಾಡಿದೆ. ತಡೆ ಬಂದದ್ದು ನಾಮಿನಿಯ ಹೆಸರಿನಲ್ಲಿ. ಅವಳು ಕೆಲಸಕ್ಕೆ ಸೇರುವಾಗ ಮದುವೆಯಾಗಿರಲಿಲ್ಲ, ಅಪ್ಪನ ಹೆಸರು ಬರೆಸಿದ್ದಳು. ಪಿಎಫ್ ನಿಯಮದ ಪ್ರಕಾರ ಮದುವೆಯಾದೊಡನೆ ಹಳೆಯ ನಾಮಿನೇಷನ್ ಬಿದ್ದುಹೋಗುತ್ತದೆ, ಹೊಸದಾಗಿ ಬರೆಸಬೇಕು. ಬರೆಸಿರಲಿಲ್ಲವಾದ್ದರಿಂದ ಕುಟುಂಬದವರು ಯಾರು ಯಾರು ಎಂದು ಸಾಬೀತು ಮಾಡಬೇಕಾಯಿತು. ಉಪ್ಪಳದ ತಾಲೂಕು ಆಫೀಸಿನಿಂದ ವಾರಸುದಾರರ ಸರ್ಟಿಫಿಕೇಟ್ ಆಗಬೇಕು, ಅದು ಬಂದದ್ದು ಮಲಯಾಳದಲ್ಲಿ, ಮಂಗಳೂರಿಗೆ ಕೊಡಲು ಅದನ್ನು ಇಂಗ್ಲಿಷಿಗೆ ಮಾಡಿಸಿ ನೋಟರಿಯ ಮುದ್ರೆ ಹಾಕಿಸಬೇಕು. ಎಳೆಮಗುವನ್ನು ತನ್ನ ತಾಯಿಯ ಹತ್ತಿರ ಬಿಟ್ಟು ಆ ಮನುಷ್ಯ ಇಷ್ಟೆಲ್ಲ ಮಾಡಬೇಕಾಯಿತು. ಕೊನೆಗೆ ಐದು ಲಕ್ಷದ ಹತ್ತಿರ ವಿಮೆಯ ಹಣ ಬಂತು, ಪಿಂಚಣಿ ಸುರುವಾಯಿತು. ಸಹಕಾರಿ ಬ್ಯಾಂಕಿನ ಸಾಲದ ಮುಂದೆ ಆ ಐದು ಲಕ್ಷ ಏನೂ ಸಾಲಲಿಲ್ಲ. ಆದರೂ ಅದಿಲ್ಲದಿದ್ದರೆ ಮನೆಗೆ ನೋಟಿಸು ಬರುತ್ತಿತ್ತು.

ನಾನು ಅದೇ ವಾರ ಪಿಎಫ್ ಪೋರ್ಟಲಿನಲ್ಲಿ ನನ್ನ ಇ-ನಾಮಿನೇಷನ್ ಮಾಡಿದೆ. ಗಂಡನ ಮತ್ತು ಮಗಳ ಆಧಾರ್, ಫೋಟೋ, ಬ್ಯಾಂಕ್ ಖಾತೆಯ ವಿವರ ಬೇಕು. ಕೊನೆಗೆ ಆಧಾರ್ ಒಟಿಪಿ ಹಾಕಿ ಇ-ಸೈನ್ ಮಾಡಿದರೆ ಮುಗಿಯಿತು. ಇ-ಸೈನ್ ಮಾಡದೆ ಸೇವ್ ಮಾಡಿ ಬಿಟ್ಟರೆ ಅದು ನಾಮಿನೇಷನ್ ಆಗುವುದಿಲ್ಲ. ನಮ್ಮಲ್ಲಿ ನಾಲ್ಕೈದು ಮಂದಿಯದ್ದು ಹಾಗೆಯೇ ಅರ್ಧಕ್ಕೆ ನಿಂತಿತ್ತು.

ನಂತರ ನನ್ನದೇ ಆದ ಪಾಲಿಸಿಯ ಯೋಚನೆ. ಕೆಲಸ ಬಿಟ್ಟರೆ ಇಡಿಎಲ್‌ಐ ಹೋಗುತ್ತದೆ. ಕೆಲವು ಆಸ್ಪತ್ರೆಗಳು ಮಾಡಿಸುವ ಗುಂಪು ವಿಮೆಯೂ ಕೆಲಸದ ಜೊತೆಗೇ ಮುಗಿಯುತ್ತದೆ. ನಮ್ಮ ವೃತ್ತಿಯಲ್ಲಿ ಒಂದೇ ಕಡೆ ನೆಲೆ ನಿಲ್ಲುವವರು ಕಡಿಮೆ. ಇವತ್ತು ಮಂಗಳೂರು, ನಾಳೆ ಕುವೈತ್, ನಡುವೆ ಹೆರಿಗೆಗೆಂದು ಎರಡು ವರ್ಷ ಮನೆ. ವಿಮೆ ಇರಬೇಕಾದದ್ದು ನನ್ನ ಹೆಸರಿನಲ್ಲಿ, ನಾನು ಎಲ್ಲಿದ್ದರೂ.

ನನ್ನ ಗಂಡ ಕೇಳಿದ್ದು, "ನಿನಗಿಂತ ಮೊದಲು ನನಗೆ ಮಾಡಿಸಬೇಕಲ್ಲವಾ?" ಎಂದು. ಗಂಡಸಿಗೆ ವಿಮೆ, ಹೆಂಗಸಿಗೆ ಚಿನ್ನ ಎಂಬ ಲೆಕ್ಕ ನಮ್ಮ ಕಡೆ ಇನ್ನೂ ಉಂಟು. ಇಬ್ಬರೂ ಕೂತು ಪುಸ್ತಕದಲ್ಲಿ ಬರೆದೆವು. ಮನೆ ಸಾಲದ ಬಾಕಿ ಎಷ್ಟು, ಮಗಳ ಓದು ಮುಗಿಯಲು ಎಷ್ಟು ವರ್ಷ, ನನ್ನ ಸಂಬಳ ನಿಂತರೆ ತಿಂಗಳಿಗೆ ಎಷ್ಟು ಕಡಿಮೆ ಬೀಳುತ್ತದೆ, ಅವರ ಟೆಂಪೋ ಬಾಡಿಗೆ ನಿಂತರೆ ಎಷ್ಟು. ಲೆಕ್ಕ ಕಣ್ಣ ಮುಂದೆ ಬಂದ ಮೇಲೆ ಅವರೇ ಹೇಳಿದರು, "ನಿನ್ನದೇ ಮೊದಲು ಆಗಲಿ." 50 ಲಕ್ಷ, 60 ವರ್ಷದ ತನಕ ಎಂದು ತೀರ್ಮಾನ ಮಾಡಿದೆವು. ಅವರದ್ದು ಮುಂದಿನ ವರ್ಷ.

ಊರಿನಲ್ಲಿ ನಮಗೆ ಪರಿಚಯದ ಏಜೆಂಟ್ ಒಬ್ಬರಿದ್ದಾರೆ. ನಾನು ಅಣ್ಣ ಎಂದೇ ಕರೆಯುವುದು. ಒಳ್ಳೆಯ ಮನುಷ್ಯ, ಯಾರ ಮನೆಯಲ್ಲಿ ಏನಾದರೂ ಮೊದಲು ಬಂದು ನಿಲ್ಲುವವರು. ಅವರು ಮೊದಲು ತೋರಿಸಿದ್ದು ಹಣ ವಾಪಸ್ ಬರುವ ಪಾಲಿಸಿ. ನನ್ನ ಸಂಬಳಕ್ಕೆ ಎಟಕುವ ಕಂತಿನಲ್ಲಿ ಅದರಿಂದ ಸಿಗುವ ರಕ್ಷಣೆ ನಾಲ್ಕೈದು ಲಕ್ಷ. ಅದು ನನ್ನ ಮನೆ ಸಾಲದ ಅರ್ಧವೂ ಆಗುವುದಿಲ್ಲ. ಟರ್ಮ್ ಪಾಲಿಸಿಯಲ್ಲಿ ಬದುಕಿ ಉಳಿದರೆ ಏನೂ ವಾಪಸ್ ಬರುವುದಿಲ್ಲ, ಆದ್ದರಿಂದಲೇ ಸಣ್ಣ ಕಂತಿಗೆ ದೊಡ್ಡ ಮೊತ್ತ ಸಿಗುತ್ತದೆ. 34ರ ಪ್ರಾಯದ, ಬೀಡಿ ಸಿಗರೇಟಿನ ಅಭ್ಯಾಸವಿಲ್ಲದ ಹೆಂಗಸಿಗೆ ಅದೇ ಪ್ರಾಯದ ಗಂಡಸಿಗಿಂತ ಕಂತು ಕಡಿಮೆ. ಅದೂ ಅಲ್ಲದೆ 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಯ ಕಂತಿನ ಮೇಲಿನ ಜಿಎಸ್‌ಟಿ ತೆಗೆದುಹಾಕಿದ್ದಾರೆ. ಟರ್ಮ್ ಪಾಲಿಸಿಗೆ ಮೊದಲು ಶೇ. 18 ಇತ್ತು. ನನ್ನದು ತಿಂಗಳಿಗೆ ಏಳುನೂರರ ಒಳಗೆ ಬಂತು.

ಅಂಚೆ ಜೀವ ವಿಮೆಯನ್ನೂ ವಿಚಾರಿಸಿದ್ದೆ. ಅದು 1884ರಲ್ಲಿ ಅಂಚೆ ನೌಕರರಿಗಾಗಿ ಸುರುವಾದದ್ದು. ಬೇರೆ ಯಾವ ಕಂಪನಿಯೂ ಹೆಂಗಸರ ಜೀವಕ್ಕೆ ವಿಮೆ ಮಾಡದಿದ್ದ ಕಾಲದಲ್ಲಿ, 1894ರಲ್ಲಿ, ಅಂಚೆ ಮತ್ತು ತಂತಿ ಇಲಾಖೆಯ ಮಹಿಳಾ ನೌಕರರಿಗೆ ಅದನ್ನು ವಿಸ್ತರಿಸಿದರು. ಇದನ್ನು ಓದಿದಾಗ ನನಗೆ ಖುಷಿಯಾಯಿತು. ನೂರ ಮೂವತ್ತು ವರ್ಷದ ಹಿಂದೆಯೇ ಯಾರೋ ಒಬ್ಬರು ದುಡಿಯುವ ಹೆಂಗಸಿನ ಜೀವಕ್ಕೆ ಲೆಕ್ಕ ಹಾಕಿದ್ದಾರಲ್ಲ! ಆದರೆ ನನಗೆ ಬೇಕಾದದ್ದು ಟರ್ಮ್. ಕೊನೆಗೆ ಅಣ್ಣನ ಕಡೆಯಿಂದಲೇ, ಅವರಿಗೆ ಕಮಿಷನ್ ಕಡಿಮೆಯಾದರೂ, ಅರ್ಜಿ ಹಾಕಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪ್ರಪೋಸಲ್ ಫಾರ್ಮ್ ಉದ್ದದ್ದು. ಎತ್ತರ, ತೂಕ, ಅಪ್ಪ ಅಮ್ಮನ ಕಾಯಿಲೆ, ಹೆರಿಗೆ, ಸಿಸೇರಿಯನ್, ಥೈರಾಯ್ಡ್, ಬೇರೆ ಪಾಲಿಸಿಗಳು. ನಡುವೆ ಒಂದು ಪ್ರಶ್ನೆ: ಎಚ್‌ಐವಿ, ಹೆಪಟೈಟಿಸ್ ಬಿ ಅಥವಾ ಸಿ ಬಗ್ಗೆ ಎಂದಾದರೂ ಪರೀಕ್ಷೆ ಮಾಡಿಸಿದ್ದೀರಾ, ಚಿಕಿತ್ಸೆಯೋ ಸಲಹೆಯೋ ಪಡೆದಿದ್ದೀರಾ?

ಅಣ್ಣ ಎಲ್ಲದಕ್ಕೂ "ಇಲ್ಲ" ಎಂದು ಟಿಕ್ ಹಾಕುತ್ತಾ ಹೋಗುತ್ತಿದ್ದರು. ನಾನು ಕೈ ಹಿಡಿದು ನಿಲ್ಲಿಸಿದೆ. "ಇದಕ್ಕೆ ಹೌದು ಅಂತ ಬರೆಯಿರಿ."

ಮೂರು ವರ್ಷದ ಹಿಂದಿನ ಘಟನೆ. ಡಯಾಲಿಸಿಸ್ ಮುಗಿದು ಒಬ್ಬ ರೋಗಿಯ ಫಿಸ್ಟುಲಾ (ಡಯಾಲಿಸಿಸ್ಸಿಗೆಂದು ಕೈಯ ರಕ್ತನಾಳಗಳನ್ನು ಜೋಡಿಸಿ ಮಾಡಿದ ಜಾಗ) ಸೂಜಿ ತೆಗೆಯುತ್ತಿದ್ದೆ. ನೋಡದವರಿಗೆ ಹೇಳುವುದಾದರೆ, ಅದು ಮಾಮೂಲಿ ಇಂಜೆಕ್ಷನ್ ಸೂಜಿಯಲ್ಲ, 16 ಗೇಜಿನ ದಪ್ಪದ ಸೂಜಿ, ಒಳಗೆ ರಕ್ತ ಹರಿಯುತ್ತಲೇ ಇರುತ್ತದೆ. ಆ ಕ್ಷಣ ಅವರ ಕಾಲಿಗೆ ಸೆಳೆತ ಬಂತು, ಡಯಾಲಿಸಿಸ್ ಕೊನೆಯಲ್ಲಿ ಅದು ಬರುವುದುಂಟು, ಕೈಯನ್ನು ಎಳೆದರು. ಸೂಜಿ ಗ್ಲೌಸ್ ತೂರಿ ನನ್ನ ಎಡಗೈ ಹೆಬ್ಬೆರಳಿಗೆ ಇಳಿಯಿತು. ಹಿಂಡಲಿಲ್ಲ, ಹಿಂಡಬಾರದು. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದೆ. ಸೋಂಕು ನಿಯಂತ್ರಣದ ಸಿಸ್ಟರಿಗೆ ಹೇಳಿ ರಿಜಿಸ್ಟರಿನಲ್ಲಿ ಬರೆಸಿದೆ. ಆ ರೋಗಿ ಹೆಪಟೈಟಿಸ್ ಸಿ ಪಾಸಿಟಿವ್. ರಕ್ತದಿಂದ ಹರಡುವ, ಲಿವರಿಗೆ ತಗಲುವ ಸೋಂಕು ಅದು.

ಹೆಪಟೈಟಿಸ್ ಬಿಗೆ ಲಸಿಕೆ ಇದೆ. ನನ್ನದು ಮೂರೂ ಡೋಸ್ ಆಗಿ ಆ್ಯಂಟಿಬಾಡಿ ಪ್ರಮಾಣ ರಕ್ಷಣೆಗೆ ಬೇಕಾದ 10ಕ್ಕಿಂತ ಎಷ್ಟೋ ಮೇಲೆ ಇತ್ತು, ಆ ಭಯವಿರಲಿಲ್ಲ. ಎಚ್‌ಐವಿಗಾದರೆ 72 ಗಂಟೆಯ ಒಳಗೆ ಸುರು ಮಾಡಿ 28 ದಿನ ನುಂಗುವ ಮಾತ್ರೆ ಇದೆ. ಆ ರೋಗಿಗೆ ಎಚ್‌ಐವಿ ಇರಲಿಲ್ಲ. ಹೆಪಟೈಟಿಸ್ ಸಿಗೆ ಲಸಿಕೆಯೂ ಇಲ್ಲ, ಮುಂಜಾಗ್ರತೆಯ ಮಾತ್ರೆಯೂ ಇಲ್ಲ. ಕಾಯಬೇಕು, ಪರೀಕ್ಷೆ ಮಾಡಬೇಕು. ಕೆಲವು ವಾರಗಳ ನಂತರ ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆ, ಆರು ತಿಂಗಳಿಗೆ ಆ್ಯಂಟಿಬಾಡಿ ಪರೀಕ್ಷೆ. ಎರಡೂ ನೆಗೆಟಿವ್ ಬಂತು. ಆ ಆರು ತಿಂಗಳು ಮಗಳ ಉಗುರು ಕತ್ತರಿಸುವಾಗಲೂ ಹೆದರುತ್ತಿದ್ದೆ. ರಿಪೋರ್ಟುಗಳನ್ನು ಫೈಲಿನಲ್ಲಿ ಇಟ್ಟಿದ್ದೆ.

"ಎಂತಕ್ಕೆ ಸಿಸ್ಟರ್, ನೆಗೆಟಿವ್ ಬಂದಾಯ್ತಲ್ಲ? ಇದನ್ನು ಬರೆದರೆ ಕಂಪನಿಯವರು ನೂರು ಪ್ರಶ್ನೆ ಕೇಳ್ತಾರೆ. ಮೂರು ವರ್ಷ ಕಳೆದ ಮೇಲೆ ಅವರು ಏನೂ ಮಾಡುವ ಹಾಗಿಲ್ಲ" ಎಂದರು ಅಣ್ಣ.

ಅವರು ಹೇಳಿದ ಮೂರು ವರ್ಷದ ಮಾತಿಗೆ ಆಧಾರ ಇದೆ. 1938ರ ವಿಮಾ ಕಾಯಿದೆಯ 45ನೇ ಸೆಕ್ಷನ್ ಅದು. 2015ರ ತಿದ್ದುಪಡಿಯ ನಂತರ, ಪಾಲಿಸಿ ಸುರುವಾಗಿ ಮೂರು ವರ್ಷ ಕಳೆದರೆ ಯಾವ ಕಾರಣಕ್ಕೂ ಅದನ್ನು ಪ್ರಶ್ನಿಸುವಂತಿಲ್ಲ. ಪಾಲಿಸಿದಾರರಿಗೆ ಇದು ದೊಡ್ಡ ಬಲ. ಆದರೆ ಅದೇ ಸೆಕ್ಷನ್ ಪ್ರಕಾರ ಮೊದಲ ಮೂರು ವರ್ಷದಲ್ಲಿ ಸಾವಾದರೆ, ಮುಚ್ಚಿಟ್ಟದ್ದು ಏನಾದರೂ ಇದೆಯೇ ಎಂದು ಕಂಪನಿ ಕೆದಕಬಹುದು, ಕ್ಲೇಮ್ ತಿರಸ್ಕರಿಸಲೂಬಹುದು. ನನ್ನ ಸಾಲ ಅತಿ ಹೆಚ್ಚು ಇರುವುದು, ಮಗಳು ಅತಿ ಚಿಕ್ಕವಳಾಗಿರುವುದು ಅದೇ ಮೂರು ವರ್ಷದಲ್ಲಿ. ನನ್ನ ವಿಷಯವಂತೂ ಆಸ್ಪತ್ರೆಯ ರಿಜಿಸ್ಟರಿನಲ್ಲಿ ದಿನಾಂಕ ಸಮೇತ ಇದೆ. ಕ್ಲೇಮ್ ತನಿಖೆಗೆ ಬರುವವರು ಮೊದಲು ಹೋಗುವುದು ಆಸ್ಪತ್ರೆಯ ದಾಖಲೆಗೆ. ಬೇರೆಯವರದ್ದಾದರೆ ಹುಡುಕಬೇಕು, ನರ್ಸಿನದ್ದು ಕೆಲಸದ ಜಾಗದಲ್ಲೇ ಸಿಗುತ್ತದೆ. ನಾನು ಸತ್ತ ಮೇಲೆ ಆ "ಇಲ್ಲ" ಎಂಬ ಟಿಕ್ಕಿಗೆ ಉತ್ತರ ಕೊಡಬೇಕಾದವರು ನನ್ನ ಗಂಡ. ಅವರಿಗೆ ಆರ್‌ಎನ್‌ಎ ಎಂದರೆ ಏನೆಂದೂ ಗೊತ್ತಿಲ್ಲ. ಸಹೋದ್ಯೋಗಿಯ ಗಂಡ ಆಫೀಸಿನಿಂದ ಆಫೀಸಿಗೆ ಅಲೆದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಇಷ್ಟನ್ನೂ ಅಣ್ಣನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ನೀವೇ ಬರೆದು ಕೊಡಿ, ನಾನು ಹಾಗೆಯೇ ಹಾಕ್ತೇನೆ" ಎಂದರು. ಘಟನೆಯ ತಿಂಗಳು, ರೋಗಿಯ ಸ್ಥಿತಿ (ಹೆಸರಿಲ್ಲದೆ), ನನ್ನ ಪರೀಕ್ಷೆಗಳು, ಫಲಿತಾಂಶ, ಲಸಿಕೆ, ಎಲ್ಲವನ್ನೂ ಅರ್ಧ ಪುಟದಲ್ಲಿ ಬರೆದುಕೊಟ್ಟೆ. ಉದ್ಯೋಗದ ಕಾಲಮಿನಲ್ಲಿ "ಸ್ಟಾಫ್ ನರ್ಸ್, ಡಯಾಲಿಸಿಸ್ ವಿಭಾಗ, ರೋಗಿಗಳ ರಕ್ತದ ಸಂಪರ್ಕ ಇದೆ" ಎಂದು ಬರೆಸಿದೆ. ತುಂಬ ಮಂದಿ "ಆಸ್ಪತ್ರೆ ಉದ್ಯೋಗಿ" ಎಂದಷ್ಟೇ ಬರೆಸುತ್ತಾರೆ. ನನಗೆ ಅದು ಸಾಲದು ಅನಿಸಿತು.

ಮೆಡಿಕಲ್ಲಿಗೆ ಮನೆಗೇ ಬಂದು ರಕ್ತ ತೆಗೆಯುತ್ತಾರೆ ಎಂದಿದ್ದರು, ನಮ್ಮ ಮೀಯಪದವಿನ ಕಡೆಗೆ ಯಾರೂ ಬರುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಮಂಗಳೂರಿನ ಲ್ಯಾಬಿಗೇ ಹೋದೆ. ಒಂದು ಕಿವಿಮಾತು: ನೈಟ್ ಡ್ಯೂಟಿ ಮುಗಿಸಿ ನೇರವಾಗಿ ಮೆಡಿಕಲ್ಲಿಗೆ ಹೋಗಬೇಡಿ. ರಾತ್ರಿಯಿಡೀ ನಿಂತು, ಚಹಾ ಕುಡಿದು, ನಿದ್ದೆಯಿಲ್ಲದೆ ಹೋದರೆ ಬಿಪಿ ಏರಿರುತ್ತದೆ, ಉಪವಾಸದ ಲೆಕ್ಕವೂ ತಪ್ಪುತ್ತದೆ. ನಾನು ವಾರದ ರಜೆಯ ಮರುದಿನಕ್ಕೆ ಹಾಕಿಸಿಕೊಂಡೆ. ಎಚ್‌ಬಿಎ1ಸಿ, ಕೊಲೆಸ್ಟರಾಲ್, ಲಿವರ್, ಕಿಡ್ನಿ, ಎಚ್‌ಐವಿ, ಹೆಪಟೈಟಿಸ್, ಮೂತ್ರ, ಇಸಿಜಿ, ಹೊಗೆಸೊಪ್ಪಿನ ಪತ್ತೆಗೆ ಕೊಟಿನಿನ್. ಎಚ್‌ಐವಿ ಪರೀಕ್ಷೆಗೆ ಸಹಿ ಮಾಡಿಸುವಾಗ ಲ್ಯಾಬಿನ ಹುಡುಗಿ ಕಾಗದ ಮುಂದೆ ತಳ್ಳಿ ಬೆರಳು ತೋರಿಸಿದಳು, ಅಷ್ಟೇ. "ಮಗಾ, ಇದು ಯಾವ ಪರೀಕ್ಷೆಗೆ ಅಂತ ಹೇಳಿ ಸಹಿ ತಕೊಳ್ಳಬೇಕು" ಎಂದೆ. 2017ರ ಎಚ್‌ಐವಿ ಕಾಯಿದೆಯಲ್ಲಿ ತಿಳಿವಳಿಕೆ ಕೊಟ್ಟು ಒಪ್ಪಿಗೆ ಪಡೆಯಬೇಕೆಂದು ಸ್ಪಷ್ಟವಾಗಿದೆ. ನನಗೆ ಗೊತ್ತಿತ್ತು, ನನ್ನ ನಂತರ ಕೂತಿದ್ದ ಅಜ್ಜಿಗೆ ಗೊತ್ತಿರಲಿಕ್ಕಿಲ್ಲ. ಹುಡುಗಿ ಬೇಸರ ಮಾಡಿಕೊಳ್ಳದೆ ಅವರಿಗೆ ಬಿಡಿಸಿ ಹೇಳಿದ್ದನ್ನು ನೋಡಿಯೇ ಹೊರಟೆ.

ಅಣ್ಣ ಹೇಳಿದಂತೆ ಕಂಪನಿಯಿಂದ ಪ್ರಶ್ನೆ ಬಂತು. ಸೂಜಿ ಚುಚ್ಚಿದ ಘಟನೆಯ ಆಸ್ಪತ್ರೆ ದಾಖಲೆ, ಎರಡು ಪರೀಕ್ಷೆಗಳ ರಿಪೋರ್ಟು, ಚಿಕಿತ್ಸೆ ಕೊಟ್ಟ ವೈದ್ಯರ ಪತ್ರ ಕಳಿಸಿ ಎಂದು. ರಿಪೋರ್ಟು ನನ್ನ ಹತ್ತಿರ ಇತ್ತು. ಘಟನೆಯ ದಾಖಲೆಯ ಪ್ರತಿ ಕೊಡಲು ಆಸ್ಪತ್ರೆಯ ಆಡಳಿತ ವಿಭಾಗ ಹಿಂದೆ ಮುಂದೆ ನೋಡಿತು. "ಅದು ಒಳಗಿನ ರಿಜಿಸ್ಟರ್, ಹೊರಗೆ ಕೊಡುವುದಿಲ್ಲ" ಎಂದರು. ಅದರಲ್ಲಿ ಬೇರೆಯವರ ಹೆಸರೂ ಇರುತ್ತದೆ, ಅದು ನಿಜ. "ನನಗೆ ರಿಜಿಸ್ಟರಿನ ಪುಟ ಬೇಡ. ನನಗಾದ ಘಟನೆ, ದಿನಾಂಕ, ಮಾಡಿದ ಪರೀಕ್ಷೆ ಇಷ್ಟನ್ನು ಲೆಟರ್‌ಹೆಡ್ಡಿನಲ್ಲಿ ಬರೆದು ಕೊಡಿ" ಎಂದು ಲಿಖಿತವಾಗಿ ಅರ್ಜಿ ಕೊಟ್ಟೆ. ನಮ್ಮ ನೆಫ್ರಾಲಜಿ ಡಾಕ್ಟರು ತಾವೇ ಫೋನು ಮಾಡಿ ಹೇಳಿದರು. ಪತ್ರ ಸಿಕ್ಕಿತು.

ಇನ್ನೊಂದು ತೊಡಕು ಹೆಸರಿನದ್ದು. ಕೇರಳದ ಎಸ್ಎಸ್ಎಲ್‌ಸಿ ಪುಸ್ತಕದಲ್ಲಿ ನನ್ನ ಹೆಸರಿನ ಹಿಂದೆ ಎರಡು ಇನಿಶಿಯಲ್, ಕರ್ನಾಟಕ ನರ್ಸಿಂಗ್ ಕೌನ್ಸಿಲ್ ನೋಂದಣಿಯಲ್ಲಿ ಒಂದು, ಆಧಾರಿನಲ್ಲಿ ಗಂಡನ ಹೆಸರು. ಇದಕ್ಕೆ ನಮ್ಮಲ್ಲಿ ವಿಲ್ಲೇಜ್ ಆಫೀಸಿನಿಂದ 'ವನ್ ಆ್ಯಂಡ್ ಸೇಮ್' ಸರ್ಟಿಫಿಕೇಟ್ ಮಾಡಿಸುತ್ತಾರೆ, ಇವರಿಬ್ಬರೂ ಒಬ್ಬರೇ ಎಂದು. ಸರಕಾರಿ ಸೇವೆಗಳಿಗೆ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋದರೆ ಸಾಕು. ವಿಮೆಗೆ ಮಾತ್ರವಲ್ಲ, ಗಲ್ಫಿಗೆ ಹೋಗುವವರಿಗೂ ಬೇಕಾಗುತ್ತದೆ, ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಕೊನೆಗೆ ಪಾಲಿಸಿ ಒಪ್ಪಿಗೆಯಾಯಿತು, ಕಂತು ಏರಿಸದೆ. ಅಣ್ಣನೇ ಫೋನು ಮಾಡಿ, "ನೀವು ಬರೆದದ್ದು ಒಳ್ಳೆಯದೇ ಆಯ್ತು ಸಿಸ್ಟರ್. ಈಗ ಅವರ ಫೈಲಿನಲ್ಲೇ ಎಲ್ಲ ಉಂಟು" ಎಂದರು. ಒಂದು ವೇಳೆ ಕಂತು ಏರಿಸಿದ್ದರೂ ಕಟ್ಟುತ್ತಿದ್ದೆ.

ಬಾಂಡ್ ಬಂದ ಮೇಲೆ 30 ದಿನ ಸಮಯ ಇರುತ್ತದೆ, ಬೇಡವೆನಿಸಿದರೆ ಹಿಂದಿರುಗಿಸಲು. ಆ ಸಮಯವನ್ನು ಓದುವುದಕ್ಕೆ ಬಳಸಿ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೇನೆ. ಬಾಂಡಿನ ಜೊತೆ ನಮ್ಮ ಪ್ರಪೋಸಲ್ಲಿನ ಪ್ರತಿಯೂ ಇರುತ್ತದೆ. ನನ್ನದರಲ್ಲಿ ಸೂಜಿಯ ವಿವರ ಸರಿಯಾಗಿತ್ತು. ಉದ್ಯೋಗದ ಜಾಗದಲ್ಲಿ ಮಾತ್ರ "ಕಚೇರಿ ಕೆಲಸ" ಎಂದು ಬಿದ್ದಿತ್ತು. ಕಂಪ್ಯೂಟರಿಗೆ ಹಾಕುವಾಗ ಯಾರೋ ಪಟ್ಟಿಯಿಂದ ತಪ್ಪು ಸಾಲು ಆರಿಸಿದ್ದಾರೆ. ಕೂಡಲೇ ಇ-ಮೇಲ್ ಮಾಡಿ, ತಿದ್ದಿದ ಪ್ರತಿ ತರಿಸಿಕೊಂಡೆ. ಅದೇ ಇ-ಮೇಲಿನಲ್ಲಿ, ಮುಂದೆ ನಾನು ವಿದೇಶದಲ್ಲಿ ನರ್ಸ್ ಆಗಿ ದುಡಿದರೂ ಈ ರಕ್ಷಣೆ ಮುಂದುವರಿಯುತ್ತದೆಯೇ ಎಂದೂ ಕೇಳಿದೆ. ಮುಂದುವರಿಯುತ್ತದೆ ಎಂಬ ಉತ್ತರ ಬರವಣಿಗೆಯಲ್ಲಿದೆ, ಪ್ರಿಂಟ್ ತೆಗೆದು ಬಾಂಡಿನ ಜೊತೆ ಇಟ್ಟಿದ್ದೇನೆ. ನಾಮಿನಿಯಾಗಿ ಗಂಡನಿಗೆ ಒಂದು ಪಾಲು, ಮಗಳಿಗೆ ಒಂದು ಪಾಲು. ಮಗಳು ಇನ್ನೂ ಮೈನರ್ ಆದ್ದರಿಂದ ಅವಳ ಪರವಾಗಿ ಹಣ ಪಡೆಯಲು ನನ್ನ ಅಕ್ಕನ ಹೆಸರು ಬರೆಸಿದೆ. 45ನೇ ಸೆಕ್ಷನ್ ಜೊತೆಗೆ 39ನೇ ಸೆಕ್ಷನನ್ನೂ ತಿಳಿದಿರಬೇಕು: ಗಂಡ, ಹೆಂಡತಿ, ಮಕ್ಕಳು, ಅಪ್ಪ ಅಮ್ಮ ನಾಮಿನಿಯಾದರೆ ಹಣಕ್ಕೆ ಅವರೇ ಹಕ್ಕುದಾರರು. ಕ್ಲೇಮಿನಲ್ಲಿ ತಕರಾರು ಬಂದರೆ ಕೇರಳದ ವಿಳಾಸದವರಿಗೆ ಕೊಚ್ಚಿಯಲ್ಲಿ ವಿಮೆಯ ದೂರು ಕೇಳುವ ಅಧಿಕಾರಿ, ಅಂದರೆ ವಿಮಾ ಒಂಬುಡ್ಸ್‌ಮನ್ ಇದ್ದಾರೆ. 50 ಲಕ್ಷದ ತನಕದ ದೂರನ್ನು ಅಲ್ಲಿ ಶುಲ್ಕವಿಲ್ಲದೆ ಕೊಡಬಹುದು. ಇದನ್ನು ಬಾಂಡಿನ ಮೇಲೆಯೇ ಪೆನ್ಸಿಲಿನಲ್ಲಿ ಬರೆದು ಗಂಡನಿಗೆ ತೋರಿಸಿದ್ದೇನೆ.

ನಮ್ಮ ವಾರ್ಡಿನ ಆಯಾ ಅಕ್ಕಂದಿರಿಗೆ, ಕ್ಲೀನಿಂಗಿನವರಿಗೆ ಟರ್ಮ್ ಪಾಲಿಸಿಯ ಆದಾಯ ದಾಖಲೆಗಳನ್ನು ಕೊಡುವುದು ಕಷ್ಟ. ಅವರ ಜೊತೆ ಬ್ಯಾಂಕಿಗೆ ಹೋಗಿ ಪ್ರಧಾನಮಂತ್ರಿ ಜೀವನ ಜ್ಯೋತಿ ಮಾಡಿಸಿದೆವು. ವರ್ಷಕ್ಕೆ 436 ರೂಪಾಯಿ, ಯಾವ ಕಾರಣದಿಂದ ಸತ್ತರೂ 2 ಲಕ್ಷ, 18ರಿಂದ 50ರ ಪ್ರಾಯದವರು ಸೇರಬಹುದು. ಸೇರಿದ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ ಹಣ ಸಿಗುತ್ತದೆ. ಜೊತೆಗೆ 20 ರೂಪಾಯಿಗೆ ಸುರಕ್ಷಾ ಬಿಮಾ, ಅಪಘಾತಕ್ಕೆ 2 ಲಕ್ಷ. ವರ್ಷದ ಲೆಕ್ಕ ಜೂನ್ 1ರಿಂದ ಮೇ 31. ಮೇ ಕೊನೆಯಲ್ಲಿ ಖಾತೆಯಲ್ಲಿ ಹಣವಿಲ್ಲದಿದ್ದರೆ ಕಂತು ಹಿಡಿಯುವುದಿಲ್ಲ, ವಿಮೆ ಬಿದ್ದುಹೋಗುತ್ತದೆ. ಮೇ 20ರ ಹೊತ್ತಿಗೆ ಎಲ್ಲರಿಗೂ ನೆನಪು ಮಾಡುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ.

ಆಡಳಿತ ವಿಭಾಗಕ್ಕೆ ಎರಡು ಕೋರಿಕೆ ಬರೆದು ಕೊಟ್ಟಿದ್ದೇವೆ, ವಿಭಾಗದ ಎಲ್ಲರ ಸಹಿ ಹಾಕಿ. ಪಿಎಫ್ ಜೊತೆಗಿರುವ ವಿಮೆಯ ವಿವರವನ್ನೂ ನಾಮಿನೇಷನ್ ಹೊಸದು ಮಾಡುವ ಕ್ರಮವನ್ನೂ ಕನ್ನಡ, ಮಲಯಾಳ ಎರಡರಲ್ಲೂ ನೋಟಿಸ್ ಬೋರ್ಡಿಗೆ ಹಾಕಬೇಕು ಎಂಬುದು ಒಂದು. ಅದು ಆಗಿದೆ. ಸೂಜಿ ಚುಚ್ಚಿದ ಪ್ರತಿಯೊಬ್ಬರಿಗೂ ಅದೇ ವಾರ ಘಟನೆಯ ಪತ್ರವನ್ನು, ಪರೀಕ್ಷೆ ಮುಗಿದ ಮೇಲೆ ಕೊನೆಯ ಫಲಿತಾಂಶದ ಪತ್ರವನ್ನು ಕೇಳದೆಯೇ ಕೊಡಬೇಕು ಎಂಬುದು ಇನ್ನೊಂದು. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ. ಬರುವ ತಿಂಗಳ ಸೋಂಕು ನಿಯಂತ್ರಣ ಸಭೆಯಲ್ಲಿ ಮತ್ತೆ ಕೇಳುತ್ತೇವೆ.